ಮಳೆಯಾದ ವರ್ಷದ ಹಾಜರಿ

ಕಾತ್ರಜ್ ಗುಡ್ಡಗಳ ಮೇಲೆ ಬೆಳಕು ಮೂಡುವ ಮೊದಲೇ ಬೆಳಗಾವಿ, ಹುಬ್ಬಳ್ಳಿ ಕಡೆಯ ರಾತ್ರಿ ಬಸ್ಸುಗಳು ಸಾತಾರಾ ರಸ್ತೆಗೆ ಇಳಿದಿರುತ್ತವೆ. ಕಾತ್ರಜ್ ಚೌಕ, ಭಾರತಿ ವಿದ್ಯಾಪೀಠದ ಗೇಟು, ಬಾಲಾಜಿನಗರ, ಆಮೇಲೆ ಧನಕವಡಿ. ದಕ್ಷಿಣದ ಹೆದ್ದಾರಿ ಹಿಡಿದು ಬಂದ ಕನ್ನಡಿಗರಿಗೆ ಪುಣೆ ಶುರುವಾಗುವುದೇ ಇಲ್ಲಿಂದ. ಕಲಬುರಗಿ, ವಿಜಯಪುರದವರು ಸೊಲ್ಲಾಪುರದ ದಾರಿಯಿಂದ ಸ್ವಾರ್ಗೇಟಿಗೆ ಬಂದು, ಅಲ್ಲಿಂದ ಸಿಟಿ ಬಸ್ಸು ಹತ್ತಿ ಹಿಂದಕ್ಕೆ ಇತ್ತ ಬರುತ್ತಾರೆ. ಹೆಗಲಲ್ಲಿ ಗಾರೆ ಕರಣೆಯ ಚೀಲ, ಕಂಕುಳಲ್ಲಿ ಮಗು, ಹಳೆಯ ಸೀರೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು. ಡಿಸೆಂಬರಿನ ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡು ರಸ್ತೆಬದಿ ನಿಂತವರನ್ನು ಮುಕಾದಮ ಬಂದು ಎಣಿಸಿ ಟೆಂಪೋಗೆ ಹತ್ತಿಸುತ್ತಾನೆ. ಅವರ ದಿನದ ಮೊದಲ ಎಣಿಕೆ ಅದು.

ಹಳೆಯ ಧನಕವಡಿ ಊರು ಇನ್ನೂ ಒಳಗೆ ಇದೆ. ಊರದೇವಿ ಜಾನೂಬಾಯಿಯ ಗುಡಿಯ ಸುತ್ತ ಓಣಿಗಳು ಇಕ್ಕಟ್ಟಾಗಿವೆ. ಹೊರಗೆ ಸಾತಾರಾ ರಸ್ತೆಯ ಮಗ್ಗುಲಲ್ಲಿ ಶಂಕರ ಮಹಾರಾಜರ ಸಮಾಧಿ ಮಠ. ಗುರುವಾರ ಬಂದರೆ ಹೂವಿನವರು, ಪೇಢೆಯವರು, ಸರತಿಯಲ್ಲಿ ನಿಂತ ಭಕ್ತರು ಸೇರಿ ಫುಟ್‌ಪಾತ್ ಕಾಣದಂತಾಗುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗಾಗಿ ಪ್ರತಿ ಎರಡನೇ ಮನೆಯ ಮೇಲೆ ಮೆಸ್ಸಿನ ಬೋರ್ಡು. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ, 18ನೆಯ ಶತಮಾನದ ನಡುಭಾಗದಲ್ಲಿ, ಕಾತ್ರಜ್ ಕೆರೆಯ ನೀರನ್ನು ಶನಿವಾರವಾಡದ ಕಡೆಗೆ ಹರಿಸಿದ ನೆಲದಡಿಯ ಕಾಲುವೆಯ ದಿಕ್ಕು ಇದೇ. ಈಗ ಸ್ವಾರ್ಗೇಟಿನಿಂದ ಕಾತ್ರಜ್‌ಗೆ ಸುಮಾರು ಐದೂವರೆ ಕಿಲೋಮೀಟರ್ ನೆಲದಡಿಯ ಮೆಟ್ರೊಗೆ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಮತ್ತೆ ಅಗೆಯುವವರು ಬೇಕು. ಅಗೆಯುವವರು ಎಲ್ಲಿಂದ ಬರುತ್ತಾರೆ ಎಂಬುದು ನನಗೆ ಗೊತ್ತು. ಅವರಲ್ಲಿ ಕೆಲವರು ಭಾನುವಾರ ನಾನು ಪಾಲಕನಾಗಿರುವ ಕನ್ನಡ ಕ್ರೈಸ್ತ ಸಭೆಗೂ ಬರುತ್ತಾರೆ.

ನಮ್ಮ ಸಭೆಗೆ ಸ್ವಂತ ಗೋಪುರವಿಲ್ಲ, ಗಂಟೆಯಿಲ್ಲ. ಅಂಗಡಿಗಳ ಮೇಲಿನ ಬಾಡಿಗೆ ಹಾಲು. ಮೂಲೆಯಲ್ಲಿ ಒಂದರ ಮೇಲೊಂದು ಏರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒರಗಿಸಿದ ಢೋಲಕಿ, ಹಾರ್ಮೋನಿಯಂ, ಬಿಳಿ ಬಟ್ಟೆ ಹೊದಿಸಿದ ಮೇಜು. ಕಿಟಕಿಗೆ ಈ ವಾರ ಕಾಗದದ ನಕ್ಷತ್ರ ಕಟ್ಟಿದೆ. ಎದುರಿನ ಬಾಲ್ಕನಿಯಲ್ಲಿ ದೀಪಾವಳಿಯ ಆಕಾಶಕಂದೀಲು ಇನ್ನೂ ಇಳಿದಿಲ್ಲ. ರಾತ್ರಿ ಎರಡೂ ಒಟ್ಟಿಗೆ ಉರಿಯುತ್ತವೆ. ಬರುವವರಲ್ಲಿ ಧಾರವಾಡ, ಗದಗ ಕಡೆಯ ಬಾಸೆಲ್ ಮಿಶನ್ ಮನೆತನದವರಿದ್ದಾರೆ, ಬೀದರ, ಕಲಬುರಗಿಯ ಮೆಥೊಡಿಸ್ಟರಿದ್ದಾರೆ, ಯಾವ ಸಭೆಯ ಹೆಸರನ್ನೂ ಹೇಳದೆ ಹಿಂದಿನ ಸಾಲಿನಲ್ಲಿ ಕೂರುವವರೂ ಇದ್ದಾರೆ. ಒಬ್ಬರಿಗೆ ಪ್ರಾರ್ಥನೆಯ ಪುಸ್ತಕ ಬೇಕು, ಇನ್ನೊಬ್ಬರಿಗೆ ಕಣ್ಣುಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸದಿದ್ದರೆ ಸಮಾಧಾನವಿಲ್ಲ. ಊರಲ್ಲಾದರೆ ಬೇರೆ ಬೇರೆ ಛಾವಣಿಯ ಕೆಳಗೆ ಕೂರುತ್ತಿದ್ದವರನ್ನು ಇಲ್ಲಿ ಕನ್ನಡ ಒಂದೆಡೆ ಕೂರಿಸಿದೆ.

ವರ್ಷದ ಕೊನೆಯ ವಾರ ಹಿರಿಯರು ನನ್ನ ಮುಂದೆ ಎರಡು ಪುಸ್ತಕ ಇಡುತ್ತಾರೆ: ಸಭಾ ರಿಜಿಸ್ಟರು, ಕಾಣಿಕೆಯ ಲೆಕ್ಕ. ಅವುಗಳಿಂದ ವಾರ್ಷಿಕ ವರದಿ ಬರೆಯಬೇಕು. ದೀಕ್ಷಾಸ್ನಾನ ಎಷ್ಟು, ಮದುವೆ ಎಷ್ಟು, ಸಮಾಧಿ ಎಷ್ಟು, ಕರ್ತನ ಭೋಜನಕ್ಕೆ ಬಂದವರು ಎಷ್ಟು, ರವಿವಾರ ಶಾಲೆಯ ಮಕ್ಕಳು ಎಷ್ಟು. ಈ ಅಂಕಣಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಪ್ರತಿ ಮಿಶನ್ ಠಾಣೆಯಿಂದ ವರ್ಷಕ್ಕೊಮ್ಮೆ ವರದಿ ಹೋಗುತ್ತಿತ್ತು. ನಮ್ಮ ಮುತ್ತಜ್ಜಂದಿರ ಹೆಸರು, ಅವರು ಬಿಟ್ಟುಬಂದ ಊರು, ಕಲಿತ ಕಸುಬು, ಸತ್ತ ಕಾಯಿಲೆ ಇವತ್ತು ಗೊತ್ತಾಗುವುದಿದ್ದರೆ ಅಂಥ ಪುಸ್ತಕಗಳಿಂದಲೇ. ಬಡವನ ಹೆಸರನ್ನು ಸಾಲಪತ್ರದಲ್ಲಲ್ಲದೆ ಬೇರೆ ಕಡೆಯೂ ಬರೆದಿಡಬಹುದು ಎಂದು ತೋರಿಸಿದ ಪುಸ್ತಕಗಳವು.

ಆದರೂ ಧನಕವಡಿಯಲ್ಲಿ ಕೂತು ಬೆಳವಣಿಗೆಯ ಅಂಕಣ ತುಂಬುವಾಗ ಪೆನ್ನು ನಿಲ್ಲುತ್ತದೆ. ಕಾರಣ ಮಳೆ.

ಮಕರ ಸಂಕ್ರಾಂತಿಗೆ ಮುಂಚೆ ಕಲಬುರಗಿ ಸೀಮೆಯಲ್ಲಿ ತೊಗರಿ ಕಟಾವಿಗೆ ಬರುತ್ತದೆ. ಮುಂಗಾರು ಕೈಹಿಡಿದ ವರ್ಷ ನವೆಂಬರಿನಿಂದಲೇ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ: "ಅಯ್ಯನವರ, ಈ ಸಲ ಮಳಿ ಛಲೋ ಆಗ್ಯಾದ್ರಿ, ತೊಗರಿ ಕೊಯ್ಯಲಾಕ್ ಹೊಂಟೀವ್ರಿ, ಪ್ರಾರ್ಥನಾ ಮಾಡ್ರಿ." ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುತ್ತೇನೆ. ಮುಂದಿನ ಭಾನುವಾರ ಕುರ್ಚಿಗಳ ಒಂದು ಸಾಲು ಮೂಲೆಗೆ ಹೋಗುತ್ತದೆ. ಕ್ರಿಸ್ಮಸ್‌ಗಂತೂ ಊರಿಗೆ ಹೋಗದವರೇ ಕಡಿಮೆ. ವರದಿಗಾಗಿ ತಲೆ ಎಣಿಸುವ ಭಾನುವಾರ ವರ್ಷದಲ್ಲೇ ಅತ್ಯಂತ ಖಾಲಿ ಭಾನುವಾರವಾಗಿರುತ್ತದೆ.

ಮಳೆ ಕೈಕೊಟ್ಟ ವರ್ಷ ನೋಡಬೇಕು. 2023ರಲ್ಲಿ ಕರ್ನಾಟಕ ಸರಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ರಾಜ್ಯದಲ್ಲಿ ಉಳಿದದ್ದು ಬೆರಳೆಣಿಕೆಯ ತಾಲ್ಲೂಕು. ಅಂಥ ವರ್ಷ ಹಾಲಿನ ಹಿಂದಿನ ಬಾಗಿಲವರೆಗೂ ಜನ. ಚಪ್ಪಲಿಗಳು ಮೆಟ್ಟಿಲಿಳಿದು ಅಂಗಡಿಯ ಮುಂದೆ ಹರಡಿರುತ್ತವೆ. ಹೊಸ ಮುಖ, ಹೊಸ ಕೂಸು, ಹೊಸ ಸಾಲದ ಕಥೆ. ಹಾಡಿನ ದನಿ ಏರುತ್ತದೆ, ಕಾಣಿಕೆಯ ಚೀಲವೂ ತುಸು ಭಾರವಾಗುತ್ತದೆ. ಹೊರಗಿನಿಂದ ಬಂದವರು ನೋಡಿ, ಸಭೆ ಎಷ್ಟು ಚೆನ್ನಾಗಿ ಬೆಳೆದಿದೆ, ಕರ್ತನಿಗೆ ಸ್ತೋತ್ರ ಎನ್ನುತ್ತಾರೆ. ನಾನೂ ಸ್ತೋತ್ರ ಎನ್ನುತ್ತೇನೆ. ಆದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜನ ಕಣ್ಣಲ್ಲಿ ಬಿತ್ತಿದ ಬೀಜ ಮಣ್ಣಲ್ಲೇ ಹುರಿದುಹೋದ ಹೊಲ ಕಾಣುತ್ತಿರುವಾಗ, ಅವರು ಇಲ್ಲಿ ಕೂತಿದ್ದಾರೆಂಬ ಸಂತೋಷವನ್ನು ವರದಿಯಲ್ಲಿ ಹೇಗೆ ಬರೆಯಲಿ? ಊರಿನ ಹೊಲ ಒಣಗಿದಷ್ಟೂ ನಮ್ಮ ಹಾಜರಿ ಏರುತ್ತದೆ. ಈ ಏರಿಕೆಯನ್ನು ನಾನು ಪ್ರಾರ್ಥನೆಯಲ್ಲಿ ಕೇಳಲಾರೆ.

ಇಳಿಕೆಗೂ ಇನ್ನೊಂದು ಮುಖವಿದೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಕೆಲಸ ನಿಂತಿತು, ಮುಕಾದಮನ ಫೋನು ಬಂದ್ ಆಯಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಜನ ಹೆದ್ದಾರಿ ಹಿಡಿದು ನಡೆದರು. ರಾಜ್ಯದ ಗಡಿಗಳಲ್ಲಿ ತಡೆ ಇತ್ತು. ಆ ವರ್ಷ ಯಾವ ಸಭೆಯ ಹಾಜರಿ ಪುಸ್ತಕದಲ್ಲೂ ಬರೆಯುವುದಕ್ಕೆ ಏನಿತ್ತು? ಇದ್ದದ್ದು ಫೋನಿನ ಪಟ್ಟಿ. ಯಾರು ಎಲ್ಲಿ ಮುಟ್ಟಿದರು, ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ, ಯಾರ ಗರ್ಭಿಣಿ ಹೆಂಡತಿ ದಾರಿಯಲ್ಲಿದ್ದಾಳೆ. ಅದೇ ಪಟ್ಟಿ ಇವತ್ತಿಗೂ ನಮ್ಮ ನಿಜವಾದ ರಿಜಿಸ್ಟರು ಎಂದು ನಾನು ತಿಳಿದಿದ್ದೇನೆ.

ಸಭೆಯ ಬೆಳವಣಿಗೆಯನ್ನು ಒಂದು ಶಾಸ್ತ್ರವನ್ನಾಗಿ ಕಟ್ಟಿದವರು ಡೊನಾಲ್ಡ್ ಮೆಗಾವ್ರನ್. ಅವರು ಹುಟ್ಟಿದ್ದು 1897ರಲ್ಲಿ, ಇವತ್ತಿನ ಮಧ್ಯಪ್ರದೇಶದ ದಮೋಹದಲ್ಲಿ. ಮಿಶನರಿಯಾಗಿ ದಶಕಗಳ ಕಾಲ ದುಡಿದದ್ದೂ ಮಧ್ಯ ಭಾರತದಲ್ಲೇ. ಒಂದು ಕಡೆ ಸಭೆ ಬೆಳೆಯುತ್ತದೆ, ಪಕ್ಕದಲ್ಲೇ ಇನ್ನೊಂದು ನಿಂತುಬಿಡುತ್ತದೆ, ಯಾಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. 1955ರಲ್ಲಿ ಪುಸ್ತಕ ಬರೆದರು, 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆಂದೇ ಒಂದು ವಿದ್ಯಾಶಾಖೆ ತೆರೆದರು. ಅಮೆರಿಕದ ದೊಡ್ಡ ದೊಡ್ಡ ಸಭೆಗಳು ಇವತ್ತು ಆಡುವ ಬೆಳವಣಿಗೆಯ ಮಾತಿನ ಬೇರು ನಮ್ಮ ನೆಲದ ಹಳ್ಳಿಗಳಲ್ಲಿದೆ. ಸಭೆ ಮೂರು ಬಗೆಯಲ್ಲಿ ಬೆಳೆಯುತ್ತದೆ ಎಂದು ಆ ಶಾಸ್ತ್ರ ವಿಂಗಡಿಸುತ್ತದೆ: ಸಭೆಯವರ ಮನೆಗಳಲ್ಲಿ ಮಕ್ಕಳು ಹುಟ್ಟಿ, ಬೇರೆ ಸಭೆಯಿಂದ ಜನ ವರ್ಗವಾಗಿ ಬಂದು, ಹೊರಗಿನವರು ಹೊಸದಾಗಿ ನಂಬಿ. ಧನಕವಡಿಯ ಪುಸ್ತಕ ತೆರೆದರೆ ಬಹುಪಾಲು ಎರಡನೆಯದು. ಅದೂ ಪೂರ್ತಿ ವರ್ಗಾವಣೆಯಲ್ಲ, ಹೋಗಿಬರುವ ಬಾಳು. ಊರಿನ ಸಭೆಯ ಪುಸ್ತಕದಲ್ಲಿ ಹೆಸರು ಹಾಗೇ ಇರುತ್ತದೆ, ಇಲ್ಲಿಯೂ ಬರೆಸಿರುತ್ತಾರೆ. ಎರಡೂ ಕಡೆ ಎಣಿಕೆಯಾಗುತ್ತದೆ, ಕೆಲವು ತಿಂಗಳು ಎರಡೂ ಕಡೆ ಯಾರೂ ವಿಚಾರಿಸಿರುವುದಿಲ್ಲ. ನನ್ನ ಚಿಂತೆ ಆ ತಿಂಗಳುಗಳದ್ದು. ಕಬ್ಬು ಕಡಿಯಲು ಮಹಾರಾಷ್ಟ್ರದ ಯಾವುದೋ ಸಕ್ಕರೆ ಕಾರ್ಖಾನೆಯ ಬಯಲಲ್ಲಿ ಗುಡಿಸಲು ಹಾಕಿಕೊಂಡವರನ್ನು ಯಾವ ಪಾಲಕನ ಲೆಕ್ಕಕ್ಕೆ ಸೇರಿಸಬೇಕು?

ಬೈಬಲಿನಲ್ಲಿ ಎಣಿಕೆಗೆ ಎರಡು ಪಾಠಗಳಿವೆ. ದಾವೀದ ಅರಸನು ತನ್ನ ಬಲ ನೋಡಿಕೊಳ್ಳಲು ಜನರನ್ನು ಎಣಿಸಿದಾಗ ದೇಶಕ್ಕೆ ಮೂರು ದಿನ ರೋಗ ಬಡಿಯಿತು. ಆದರೆ ಮೋಶೆ ಜನರನ್ನು ಎಣಿಸಿದ್ದು ದೇವರ ಅಪ್ಪಣೆಯಿಂದಲೇ. ಅರಣ್ಯಕಾಂಡ ಶುರುವಾಗುವುದು ಆ ಎಣಿಕೆಯಿಂದ. ಊರಿಲ್ಲದೆ ನಡೆಯುತ್ತಿದ್ದ ಜನ ಅವರು. ಕುಲ ಕುಲವಾಗಿ, ಮನೆ ಮನೆಯಾಗಿ ಲೆಕ್ಕಕ್ಕೆ ಬಂದರು. ನಡೆಯುತ್ತಿರುವವರನ್ನು ಎಣಿಸುವುದು ಅವರನ್ನು ಕಳೆದುಕೊಳ್ಳದಿರುವುದಕ್ಕೆ ಎಂದು ನನಗೆ ಆ ಅಧ್ಯಾಯ ಓದಿದಾಗಲೆಲ್ಲ ಅನ್ನಿಸುತ್ತದೆ.

ಬರ ಮತ್ತು ಸಭೆಯ ಸಂಬಂಧ ನೆನೆದಾಗ ಪುಣೆಯಲ್ಲಿರುವ ಕನ್ನಡದ ಪಾಲಕನಿಗೆ ಪಂಡಿತಾ ರಮಾಬಾಯಿಯವರ ಹೆಸರು ಬಾರದೆ ಇರುವುದಿಲ್ಲ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಣ್ಣಿಗೆ ಸಂಸ್ಕೃತ ಕಲಿಸಿದ್ದಕ್ಕೆ ಮಾತು ಕೇಳಿದವರು. 1870ರ ದಶಕದ ಬರ ಆ ಹುಡುಗಿಯ ತಂದೆ, ತಾಯಿ, ಅಕ್ಕನನ್ನು ತಿಂದಿತು. ಅಣ್ಣನ ಜೊತೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ತಿರುಗಿದರು. ಹಸಿವೆ ಎಂದರೇನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. 1896ರ ಬರ ಬಂದಾಗ ಮಧ್ಯಪ್ರಾಂತದವರೆಗೆ ಹೋಗಿ ಅನಾಥ ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. 1900ರಲ್ಲಿ ಗುಜರಾತಿನ ಬರದಿಂದ ಮತ್ತಷ್ಟು ಜನ. ಸೊಲ್ಲಾಪುರದ ರೈಲು ಹಾದಿಯಲ್ಲಿ, ಕೇಡಗಾಂವಿನ ಬಯಲಿನಲ್ಲಿ ಎದ್ದ ಮುಕ್ತಿ ಸದನದಲ್ಲಿ ಸಾವಿರಕ್ಕೂ ಮೀರಿ ಹೆಂಗಸರು, ಮಕ್ಕಳು ಸೇರಿದರು. 1905ರಲ್ಲಿ ಅಲ್ಲಿ ನಡೆದ ಪ್ರಾರ್ಥನೆಯ ಉಜ್ಜೀವನ ಜಗತ್ತಿನ ಕ್ರೈಸ್ತ ಚರಿತ್ರೆಯಲ್ಲಿ ದಾಖಲಾಗಿದೆ.

ಉಜ್ಜೀವನದ ಕಥೆ ಹೇಳುವ ಬೋಧಕರು ಬಹಳ. ನಾನು ಯುವಜನ ಸಂಘಕ್ಕೆ ಹೇಳುವುದು ಅದಕ್ಕೂ ಹಿಂದಿನ ವರ್ಷಗಳ ಮಾತು. ಅಲ್ಲಿ ಬಾವಿ ತೋಡಿದರು, ಹೊಲ ಮಾಡಿದರು, ಹುಡುಗಿಯರು ನೇಯ್ಗೆ ಕಲಿತರು, ಅಚ್ಚಿನ ಮನೆ ನಡೆಸಿದರು, ಕುರುಡರಿಗೆ ಬೆರಳಿನ ಓದು ಕಲಿಸಿದರು. ಬರದಿಂದ ಬಂದ ಸಂಖ್ಯೆಯನ್ನು ರಮಾಬಾಯಿ ತಮ್ಮ ಕೆಲಸದ ಯಶಸ್ಸೆಂದು ಬಗೆಯಲಿಲ್ಲ. ಬಂದ ಒಬ್ಬೊಬ್ಬಳೂ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದೇ ಅವರ ಪ್ರತಿದಿನದ ದುಡಿಮೆಯಾಗಿತ್ತು. ಅವರ ಮಗಳು ಮನೋರಮಾಬಾಯಿ ನಮ್ಮ ಕಲಬುರಗಿಗೆ ಬಂದು ಶಾಲೆ ನಡೆಸಿದರು. ಗಂಗಾಮೂಲದಿಂದ ಹೊರಟದ್ದು ಒಂದು ಸುತ್ತು ಹಾಕಿ ತಿರುಗಿ ಕನ್ನಡ ಸೀಮೆಗೇ ಬಂತು. ಈಗ ಅದೇ ಕಲಬುರಗಿಯ ಹೆಣ್ಣುಮಕ್ಕಳು ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದಾರೆ.

ಹಾಗಾದರೆ ಸಭೆಯ ಆರೋಗ್ಯವನ್ನು ಯಾವುದರಿಂದ ಅಳೆಯುವುದು? ಪಕ್ಕದ ಬಿಬ್ವೇವಾಡಿಯಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ. 1953ರಲ್ಲಿ ಯವತ್ಮಾಳದಲ್ಲಿ ಶುರುವಾಗಿ 1983ರಲ್ಲಿ ಇಲ್ಲಿಗೆ ಬಂದದ್ದು. ಇಂಥ ಕಡೆ ಓದಿಬಂದ ಯುವಕರು ಜರ್ಮನಿಯ ಕ್ರಿಶ್ಚಿಯನ್ ಶ್ವಾರ್ಜ್ ಅವರ ಮಾತು ತೆಗೆಯುತ್ತಾರೆ. 32 ದೇಶಗಳ ಸಾವಿರ ಸಭೆಗಳನ್ನು ವಿಚಾರಿಸಿ 1996ರಲ್ಲಿ ಅವರು ಆರೋಗ್ಯದ ಎಂಟು ಗುಣಗಳನ್ನು ಪಟ್ಟಿ ಮಾಡಿದರು. ಹಲಗೆಗಳ ಪೀಪಾಯಿಯಲ್ಲಿ ನೀರು ನಿಲ್ಲುವುದು ಅತಿ ಗಿಡ್ಡ ಹಲಗೆಯ ಮಟ್ಟಕ್ಕೆ ಮಾತ್ರ, ಆದ್ದರಿಂದ ನಿಮ್ಮ ಗಿಡ್ಡ ಹಲಗೆ ಯಾವುದೆಂದು ಮೊದಲು ಹುಡುಕಿ ಎನ್ನುವುದು ಅವರ ವಾದ. ಒಳ್ಳೆಯ ಮಾತು, ಕೆಲಸಕ್ಕೆ ಬರುವ ಮಾತು. ನಮ್ಮ ಗಿಡ್ಡ ಹಲಗೆ ಯಾವುದೆಂದು ಹಿರಿಯರ ಕೂಟದಲ್ಲಿ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಮಕ್ಕಳ ಕನ್ನಡ. ಇಲ್ಲೇ ಹುಟ್ಟಿದ ಮಕ್ಕಳು ರವಿವಾರ ಶಾಲೆಯಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಸಿಕೊಂಡು ಉತ್ತರವನ್ನು ಮರಾಠಿಯಲ್ಲಿ ಕೊಡುತ್ತಾರೆ. ಕೀರ್ತನೆಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅಜ್ಜಿಯ ಪ್ರಾರ್ಥನೆ ಅರ್ಧ ಅರ್ಥವಾಗುತ್ತದೆ. ನಾನು ಅವರನ್ನು ಗದರಿಸುವುದಿಲ್ಲ. ಮರಾಠಿ ಅವರಿಗೆ ಅನ್ನ ಕೊಡುವ ಭಾಷೆ, ಗೆಳೆಯರ ಭಾಷೆ. ಬೆಳಗಾವಿಯಲ್ಲಿ ಹುಟ್ಟಿದ ಬಾಬಾ ಪದ್ಮನ್‌ಜಿ ಅದೇ ಊರಲ್ಲಿ 1854ರಲ್ಲಿ ದೀಕ್ಷಾಸ್ನಾನ ಪಡೆದು, 1857ರಲ್ಲಿ ಮರಾಠಿಯ ಮೊದಲ ಕಾದಂಬರಿ ಎನಿಸಿದ 'ಯಮುನಾ ಪರ್ಯಟನ' ಬರೆದರು, ಕೆಲಕಾಲ ಪುಣೆಯ ಸಭೆಗೆ ಪಾಲಕರೂ ಆಗಿದ್ದರು. ಗಡಿಯ ಕ್ರೈಸ್ತರಿಗೆ ಎರಡು ಭಾಷೆಯ ಬಾಳು ಇಂದು ನಿನ್ನೆಯದಲ್ಲ. ಆದರೂ ಶನಿವಾರ ಸಂಜೆ ಒಂದು ತಾಸು ಅಕ್ಷರ ಕಲಿಸಲು ಸ್ತ್ರೀ ಸಂಘದವರು ಪಟ್ಟುಹಿಡಿದು ಕೂರುತ್ತಾರೆ. ಇಟ್ಟಿಗೆ ಹೊತ್ತು ಬಂದ ಕೈಯಲ್ಲೇ ಸ್ಲೇಟು ಹಿಡಿಯುತ್ತಾರೆ.

ಇನ್ನೊಂದು ಗಿಡ್ಡ ಹಲಗೆ ಕುಡಿತ. ಶನಿವಾರ ಬಟವಾಡೆಯಾಗುತ್ತದೆ, ಭಾನುವಾರ ಬೆಳಿಗ್ಗೆ ಹೆಂಡತಿ ಮಕ್ಕಳು ಮಾತ್ರ ಬರುತ್ತಾರೆ. ಇದನ್ನು ವರದಿಯಲ್ಲಿ ಬರೆಯಲು ಅಂಕಣವಿಲ್ಲ, ಬರೆಯದಿದ್ದರೆ ಆ ವರದಿ ನಿಜವಲ್ಲ.

ಸಭೆಗಳ ಆರೋಗ್ಯದ ಬಗ್ಗೆ ಬರೆದ ಹಳೆಯ ವರದಿಗಳು ಬೈಬಲಿನ ಪ್ರಕಟನೆಯ ಪುಸ್ತಕದಲ್ಲಿವೆ. ಇವತ್ತಿನ ಟರ್ಕಿಯ ಪಶ್ಚಿಮದಲ್ಲಿದ್ದ ಏಳು ಊರುಗಳ ಸಭೆಗಳಿಗೆ ಏಳು ಪತ್ರಗಳು. ಅವುಗಳಲ್ಲಿ ಯಾವುದರಲ್ಲೂ ಸದಸ್ಯರ ಸಂಖ್ಯೆಯಿಲ್ಲ. ಎಫೆಸದವರು ದುಡಿಯುತ್ತಾರೆ ಆದರೆ ಮೊದಲಿನ ಪ್ರೀತಿ ಹೋಗಿದೆ. ಸಾರ್ದಿಸ್‌ನವರಿಗೆ ಜೀವವಿದೆಯೆಂಬ ಹೆಸರು ಮಾತ್ರ ಉಳಿದಿದೆ. ಲವೊದಿಕೀಯದವರು ಐಶ್ವರ್ಯವಂತರೆಂದು ತಿಳಿದಿದ್ದಾರೆ. ಗದರಿಕೆ ಇಲ್ಲದ ಪತ್ರಗಳು ಎರಡೇ: ಬಡತನದಲ್ಲಿದ್ದ ಸ್ಮುರ್ನಕ್ಕೆ ಒಂದು, ಅಲ್ಪ ಬಲದ ಫಿಲದೆಲ್ಫಿಯಕ್ಕೆ ಇನ್ನೊಂದು. ವರ್ಷಾಂತ್ಯದ ರಾತ್ರಿಯ ಆರಾಧನೆಗೆ ಈ ಎರಡು ಅಧ್ಯಾಯಗಳನ್ನು ಪೂರ್ತಿ ಓದಿಸುತ್ತೇನೆ. ಉದ್ದವಾಯಿತೆಂದು ಯಾರೂ ಗೊಣಗುವುದಿಲ್ಲ. ಬಡತನ, ಅಲ್ಪ ಬಲ ಎಂಬ ಮಾತು ಬಂದಾಗ ಹಿಂದಿನ ಸಾಲಿನವರು ನೆಟ್ಟಗೆ ಕೂರುತ್ತಾರೆ.

ಆ ಪತ್ರಗಳ ಕಣ್ಣಿಂದ ನಮ್ಮ ಸಭೆಯನ್ನು ನೋಡಲು ಪ್ರಯತ್ನಿಸುತ್ತೇನೆ. ಸೆಂಟ್ರಿಂಗ್ ಹಲಗೆ ಜಾರಿ ಬಿದ್ದವನ ಪಕ್ಕ ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಸರದಿಯ ಮೇಲೆ ಯಾರು ಮಲಗಿದರು? ಧಾರವಾಡದ ಹಳೆಯ ಮನೆತನದವರೂ ಯಾದಗಿರಿಯ ಕೂಲಿಯವನೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದರೇ? ಕ್ರಿಸ್ಮಸ್‌ನ ಕರ್ಚಿಕಾಯಿ, ಚಕ್ಕಲಿ ಮಾಡಲು ಯಾರ ಗ್ಯಾಸಿನ ಒಲೆಯ ಸುತ್ತ ಹೆಂಗಸರು ಸೇರಿದರು, ಯಾರನ್ನು ಕರೆಯಲಿಲ್ಲ? ಅಡುಗೆಗೆ ಮುಂಚೆ ಎತ್ತಿಟ್ಟ ಹಿಡಿ ಅಕ್ಕಿಯನ್ನು ತಿಂಗಳ ಕೊನೆಗೆ ಯಾರ ಮನೆಗೆ ಮುಟ್ಟಿಸಬೇಕೆಂದು ನಾನು ಹೇಳುವ ಮೊದಲೇ ಗೊತ್ತಿತ್ತೇ? ಈ ವರ್ಷ ಕೆಲವಕ್ಕೆ ಹೌದು ಎನ್ನಬಲ್ಲೆ. ಕರೆಯದೆ ಬಿಟ್ಟವರ ಮಾತು ಮಾತ್ರ ಹಿರಿಯರ ಕೂಟದಲ್ಲಿ ತೆರೆದಿಡಬೇಕು. ಊರಿನ ಕೇರಿಗಳ ಗೆರೆ ಕಾತ್ರಜ್ ಗುಡ್ಡ ದಾಟಿಯೂ ಬಂದಿದೆ.

ಪುಸ್ತಕದಲ್ಲಿ ಹೆಸರಿಲ್ಲದೆ ಬರುವವರೂ ಇದ್ದಾರೆ. ಪಕ್ಕದ ಶೆಡ್ಡಿನ ಹೆಂಗಸು ಮಗುವಿನ ಜ್ವರಕ್ಕೆ ಪ್ರಾರ್ಥನೆ ಕೇಳಿ ಬಂದವಳು ಹಾಡಿಗಾಗಿ ಉಳಿದಿದ್ದಾಳೆ. ದೀಕ್ಷಾಸ್ನಾನದ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಇದೇ ಸಾತಾರಾ ರಸ್ತೆಯ ಆ ತುದಿಯಲ್ಲಿ, ಸಾತಾರದಲ್ಲಿ, ಮರಾಠಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ಮಿಶನ್ನಿನ ಸಂಬಳ ಬಿಟ್ಟು 'ದೇವರ ದರ್ಬಾರು' ಎಂದು ಒಂದು ಬಳಗ ಕಟ್ಟಿದರು. ದೀಕ್ಷಾಸ್ನಾನ ಆದವರಿಗೂ ಆಗದವರಿಗೂ ಅಲ್ಲಿ ಜಾಗವಿತ್ತು. ಎರಡು ವರ್ಷದಲ್ಲಿ ಅವರು ತೀರಿಕೊಂಡರು, ದರ್ಬಾರು ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಅವರು ತೆರೆದ ಬಾಗಿಲನ್ನು ನಾನು ಮುಚ್ಚಲಾರೆ. ಆ ಹೆಂಗಸನ್ನು ಬೆಳವಣಿಗೆಯ ಅಂಕಣಕ್ಕೆ ಎಳೆದು ತರುವ ಆತುರ ನನಗಿಲ್ಲ. ಅವಳ ಮಗು ಗುಣವಾಯಿತೇ ಎಂದು ಕೇಳುವ ಆತುರವಿದೆ.

ಈ ಸಲದ ವರದಿಯಲ್ಲಿ ನಿಗದಿಯಾದ ಅಂಕಣಗಳನ್ನು ತುಂಬಿ, ಕೆಳಗೆ ಇನ್ನೊಂದು ಪಟ್ಟಿ ಲಗತ್ತಿಸಬೇಕೆಂದು ಹಿರಿಯರು ಒಪ್ಪಿದ್ದಾರೆ. ಹೋದವರ ಪಟ್ಟಿ. ಯಾವ ಊರಿಗೆ, ಯಾವ ಕೆಲಸಕ್ಕೆ, ತಿರುಗಿ ಬರುವುದು ಯಾವಾಗ, ಅಲ್ಲಿ ವಿಚಾರಿಸುವವರು ಯಾರು. ಊರಿಗೆ ತಿರುಗಿದ ಕುಟುಂಬಗಳ ವಿಚಾರಣೆಗೆ ಆಯಾ ಊರಿನ ಅಯ್ಯನವರಿಗೆ ಪತ್ರ ಹೋಗುತ್ತದೆ. ಮಳೆಯಾಗಿ ಊರಲ್ಲೇ ನಿಂತವರ ಹೆಸರಿನ ಮುಂದೆ ಸ್ತೋತ್ರ ಎಂದು ಬರೆಯುತ್ತೇವೆ, ಹಾಜರಿ ಇಳಿದರೂ. ಕಬ್ಬಿನ ಬಯಲಿಗೆ ಹೋದವರನ್ನು ನೋಡಿಬರಲು ಯುವಜನ ಸಂಘದ ಇಬ್ಬರು ಬೈಕು ತಯಾರು ಮಾಡಿಕೊಂಡಿದ್ದಾರೆ. ಪೆಟ್ರೋಲಿನ ಖರ್ಚು ಕಾಣಿಕೆಯಿಂದ. ಆಂಬೇಗಾಂವ್ ಪಠಾರದ ಶೆಡ್ಡುಗಳಿಂದ ಸ್ತ್ರೀ ಸಂಘದ ಮನೆ ಭೇಟಿ ಶುರು, ಮೊದಲು ಕರ್ಚಿಕಾಯಿಗೆ ಕರೆಯದೆ ಬಿಟ್ಟ ಮನೆಗಳು.